ಮುಷ್ಟಿ ಗಿಡಕ್ಕೆ ಉಪ್ಪು ಹುಡುಕಿದ್ದು

ನಾನು ಜಗಳಗಂಟಿ ಎಂದು ನನ್ನ ಗಂಡ ಮದುವೆಯಾದ ಮೊದಲ ವರ್ಷವೇ ಹೇಳಿದ್ದರು. ನಾನು ಒಪ್ಪಿರಲಿಲ್ಲ. ಒಪ್ಪಿದ್ದು ಕಳೆದ ವರ್ಷ. ಶಿವಾಜಿನಗರದ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಐದಾರು ಗಿರಾಕಿಗಳ ಎದುರಿಗೆ, ತಲೆ ನರೆತ ಮಾಲೀಕರ ಮುಖಕ್ಕೇ "ನೀವು ಸಮುದ್ರದ ಉಪ್ಪಿಗೆ ಅಡುಗೆ ಸೋಡಾ ಬೆರೆಸಿ ಮಾರ್ತಿದ್ದೀರಿ" ಎಂದು ಕೂಗಿದ ದಿನ. ಅದು ಹಸಿ ಸುಳ್ಳು. ಆದರೆ ಕೂಗುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮನೆಯಲ್ಲಿ ನನ್ನ ಹವಳ ಕೈ ಮುಚ್ಚುವುದನ್ನು ನಿಲ್ಲಿಸಿತ್ತು, ಅದರ ಜೊತೆಗೆ ನನ್ನ ಅತ್ತೆಯೂ.

ಇದನ್ನು ಮೊದಲಿನಿಂದಲೇ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಕೆಲಸ ಗರುಡಾಚಾರ್‌ಪಾಳ್ಯದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ. ಡಬ್ಬಿ ಡಬ್ಬಿಯಿಂದ ಚಮಚದಷ್ಟು ಬಣ್ಣ ತೆಗೆದು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು, ಸರಿಯಿಲ್ಲದ್ದನ್ನು ವಾಪಸ್ ಕಳಿಸುವುದು. ಇಡೀ ದಿನ ಬೇರೆಯವರ ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುತ್ತಾರೆ. ಈ ಕೆಲಸ ನನ್ನ ಸ್ವಭಾವಕ್ಕೆ ಎಷ್ಟು ಒಗ್ಗಿದೆಯೆಂದರೆ ರಜಾದಿನವೂ ಬಿಡುವುದಿಲ್ಲ. ಕಗ್ಗದಾಸಪುರದ ನಮ್ಮ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಮೂರು ಅಡಿ ಉದ್ದದ ಗಾಜಿನ ತೊಟ್ಟಿ ಇಟ್ಟು, ಅದರಲ್ಲಿ ಉಪ್ಪುನೀರು ತುಂಬಿ, ಎರಡು ಕಿತ್ತಳೆ ಪಟ್ಟೆಯ ಮೀನು ಮತ್ತು ಒಂದಿಷ್ಟು ಮೆತ್ತನೆಯ ಹವಳ ಸಾಕುತ್ತಿದ್ದುದೂ ಒಂದು ರೀತಿಯಲ್ಲಿ ಲ್ಯಾಬಿನ ಮುಂದುವರಿಕೆಯೇ. ಬಂದ ನೆಂಟರು ಮೀನು ನೋಡಿ ಖುಷಿಪಡುತ್ತಿದ್ದರು. ನಾನು ನೀರಿನ ಅಂಕಿಗಳನ್ನು ನೋಡಿ ಖುಷಿಪಡುತ್ತಿದ್ದೆ.

ಈ ನೀರನ್ನು ಸಮುದ್ರದಿಂದ ಹೊತ್ತು ತರುವುದಿಲ್ಲ. ಸಮುದ್ರದಲ್ಲಿ ಏನೇನಿದೆಯೋ ಅದನ್ನೆಲ್ಲ ಲೆಕ್ಕಕ್ಕೆ ಸರಿಯಾಗಿ ಬೆರೆಸಿದ ಬಿಳಿ ಪುಡಿ ಬಕೆಟ್ಟಿನಲ್ಲಿ ಸಿಗುತ್ತದೆ. ಅದನ್ನು ಶುದ್ಧ ನೀರಿಗೆ ಹಾಕಿ ಕಲಸಬೇಕು. ಶುದ್ಧ ಎಂದರೆ ಏನೂ ಇಲ್ಲದ ನೀರು. ಕಗ್ಗದಾಸಪುರದ ಬೋರ್‌ವೆಲ್ ನೀರು ಎಷ್ಟು ಗಡುಸೆಂದರೆ ನಲ್ಲಿಯ ಬಾಯಲ್ಲಿ ವಾರಕ್ಕೊಮ್ಮೆ ಸುಣ್ಣ ಕೆರೆಯಬೇಕು. ಅದಕ್ಕೇ ನಾನು ಅಡುಗೆಮನೆಯ ಆರ್‌ಒ ಫಿಲ್ಟರಿನ ನೀರನ್ನೇ ತೊಟ್ಟಿಗೂ ಬಳಸುತ್ತಿದ್ದೆ. ತೊಟ್ಟಿ ಇಟ್ಟ ಮೊದಲ ದಿನ ಆ ನೀರನ್ನು ಪರೀಕ್ಷಿಸಿದ್ದೆ, ಏನೂ ಇರಲಿಲ್ಲ. ಆಮೇಲೆ ಪರೀಕ್ಷಿಸಲಿಲ್ಲ. ಮನೆಮಂದಿಯೆಲ್ಲ ಕುಡಿಯುವ ನೀರನ್ನು ಯಾರು ಪರೀಕ್ಷಿಸುತ್ತಾರೆ?

ತೊಟ್ಟಿಯ ನಡುವಿನ ಕಲ್ಲಿನ ಮೇಲೆ ಒಂದು ಬಗೆಯ ಹವಳ ಹಬ್ಬಿತ್ತು. ದಪ್ಪ ಕಾಂಡ, ಅದರ ತುದಿಯಲ್ಲಿ ಹತ್ತಾರು ಪುಟ್ಟ ಕೈಗಳು, ಪ್ರತಿ ಕೈಗೂ ಎಂಟು ಬೆರಳು. ಅವು ಹಗಲೆಲ್ಲ ಮುಚ್ಚಿ ತೆರೆದು, ಮುಚ್ಚಿ ತೆರೆದು ಆಡುತ್ತಿದ್ದವು. ಶಿವಾಜಿನಗರದ ಆ ಅಂಗಡಿಯ ಮಾಲೀಕರು, ನನ್ನ ಬಾಯಲ್ಲಿ ಭಾಯ್, ತಮ್ಮ ತೊಟ್ಟಿಯಲ್ಲೇ ಬೆಳೆಸಿದ ಬೆರಳುದ್ದದ ತುಂಡೊಂದನ್ನು ಕೊಟ್ಟಿದ್ದರು. ನನ್ನ ಹತ್ತಿರ ಅದು ಎರಡು ಅಂಗೈ ಅಗಲ ಬೆಳೆದಿತ್ತು.

ನನ್ನ ಅತ್ತೆ ಗದಗಿನವರು. ಕಳೆದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಎಡಗಾಲು ಬೇಗ ಸುಧಾರಿಸಿತು, ಎಡಗೈ ಮಾತ್ರ ಮಾತು ಕೇಳಲಿಲ್ಲ. ಇಲ್ಲಿ ಒಳ್ಳೆಯ ಫಿಸಿಯೋಥೆರಪಿ ಸಿಗುತ್ತದೆಂದು ಗಂಡ ಅವರನ್ನು ನಮ್ಮ ಮನೆಗೆ ಕರೆತಂದರು. ಥೆರಪಿಸ್ಟ್ ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ನೂರಾರು ಸಲ ಮುಷ್ಟಿ ಬಿಗಿದು ಬಿಡಬೇಕು, ಮೊದಲ ಕೆಲವು ತಿಂಗಳಲ್ಲಿ ಬಂದಷ್ಟೇ ಬಂತು, ಆಮೇಲೆ ಕಷ್ಟ ಎಂದು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತೆ ಮೂರನೇ ದಿನಕ್ಕೇ ಆ ಚೆಂಡನ್ನು ಸೋಫಾದ ಕೆಳಗೆ ಉರುಳಿಸಿಬಿಟ್ಟರು.

"ನಾಯಿಗೆ ಒಗೆಯೋ ಚೆಂಡ ನನಗ್ಯಾಕ? ಬರೂ ಕೈ ಆಗಿದ್ರ ಬರ್ತದ, ಇಲ್ಲಂದ್ರ ಇಲ್ಲ" ಅಂದರು.

ನಾನು ಕೂಗಾಡಿದೆ, ಗಂಡ ಬೇಡಿಕೊಂಡರು. ಎರಡೂ ಪ್ರಯೋಜನವಾಗಲಿಲ್ಲ. ನಮ್ಮ ಅತ್ತೆಯ ಹಟದ ಮುಂದೆ ನನ್ನ ಜಗಳಗಂಟಿತನ ಏನೇನೂ ಅಲ್ಲ. ಆದರೆ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ನೋಡುತ್ತೇನೆ, ಅವರು ತೊಟ್ಟಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ತೊಡೆಯ ಮೇಲಿದ್ದ ಎಡಗೈಯ ಬೆರಳುಗಳು ಅಲ್ಲಾಡುತ್ತಿವೆ. ಹವಳ ಮುಚ್ಚಿದರೆ ಬೆರಳುಗಳು ಒಂದಿಷ್ಟು ಮಡಚುತ್ತವೆ, ಹವಳ ತೆರೆದರೆ ಬಿಡಿಸಿಕೊಳ್ಳುತ್ತವೆ.

"ಏನ್ ಮಾಡ್ತಿದ್ದೀರಾ ಅತ್ತೆ?" ಎಂದೆ.

"ಏನಿಲ್ಲವಾ. ಈ ಮುಷ್ಟಿ ಗಿಡಾ ದಣಿಯಂಗೇ ಇಲ್ಲ ನೋಡು. ಎಲ್ಲೀತನಕ ಮಾಡ್ತದ ನೋಡೂಣು ಅಂತ ಕುಂತೀನಿ."

ಅದು ಗಿಡವಲ್ಲ, ಪ್ರಾಣಿ ಎಂದು ತಿದ್ದಲು ಹೋಗಲಿಲ್ಲ. ಜೀವನದಲ್ಲಿ ನಾನು ತಪ್ಪನ್ನು ಕಂಡೂ ತಿದ್ದದೆ ಬಿಟ್ಟ ಕೆಲವೇ ಸಂದರ್ಭಗಳಲ್ಲಿ ಅದೊಂದು. ಅಂದಿನಿಂದ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಅತ್ತೆಗೂ ಹವಳಕ್ಕೂ ಪೈಪೋಟಿ. ಎರಡು ವಾರದಲ್ಲಿ ಬೆರಳ ತುದಿ ಅಂಗೈ ಮುಟ್ಟುವಷ್ಟಾಯಿತು. ಥೆರಪಿಸ್ಟ್ ಚೆಂಡಿನ ಗುಣವೆಂದು ತಿಳಿದು ಬೀಗಿದರು. ನಾವು ಯಾರೂ ಬಾಯಿ ಬಿಡಲಿಲ್ಲ.

ಹವಳ ಮಂಕಾಗತೊಡಗಿದ್ದು ಆಗಲೇ. ಮೊದಲು ಆಟ ನಿಧಾನವಾಯಿತು. ಆಮೇಲೆ ಅರ್ಧದಷ್ಟು ಕೈಗಳು ತೆರೆದಂತೆಯೇ ನಿಂತುಬಿಟ್ಟವು. ಒಂದು ಸೋಮವಾರ ಪೂರ್ತಿ ನಿಂತಿತು. ಕಾಂಡಗಳು ಜೋತುಬಿದ್ದವು. ಅತ್ತೆ ಒಂದು ತಾಸು ಎದುರಿಗೆ ಕೂತು, ಎದ್ದು, ಕುರ್ಚಿಯನ್ನು ಊಟದ ಮೇಜಿನ ಹತ್ತಿರ ವಾಪಸ್ ಇಟ್ಟರು.

"ಅದಕ್ಕೂ ಸಾಕಾತು, ನನಗೂ ಸಾಕಾತು" ಅಂದರು. ದನಿಯಲ್ಲಿ ಹಟವಿದ್ದಿದ್ದರೆ ನಾನು ಜಗಳವಾಡುತ್ತಿದ್ದೆ. ಹಟ ಇರಲಿಲ್ಲ, ಅದೇ ನನಗೆ ಭಯವಾಯಿತು.

ಹವಳ ಮತ್ತೆ ಆಡಬೇಕು. ಆಡದಿದ್ದರೆ ಆ ಕೈ ಅಲ್ಲಿಗೇ ನಿಂತುಹೋಗುತ್ತದೆ. ಥೆರಪಿಸ್ಟ್ ಹೇಳಿದ ಆ ಕೆಲವು ತಿಂಗಳು ಒಂದೊಂದು ದಿನವಾಗಿ ಕೈಬಿಟ್ಟು ಹೋಗುತ್ತಿದ್ದವು.

ನಾನು ಲ್ಯಾಬಿನವಳು, ನೀರು ತೆಗೆದು ಪರೀಕ್ಷೆ ಮಾಡಿದೆ. ಹವಳದ ನೀರಿನಲ್ಲಿ ನೋಡಬೇಕಾದ ಮುಖ್ಯ ಸಂಗತಿ ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರದ ಬಲ. ಅದು ಏರುಪೇರಾದರೆ ಹವಳಕ್ಕೆ ಆಗುವುದಿಲ್ಲ. ಅಳೆಯುವುದು ಸುಲಭ: ಸಣ್ಣ ಗಾಜಿನ ಸೀಸೆಗೆ ನೀರು ಹಾಕಿ, ಮೇಲಿಂದ ಔಷಧಿಯನ್ನು ಹನಿಹನಿಯಾಗಿ ಬಿಡುವುದು. ನೀಲಿಯಾಗಿದ್ದ ನೀರು ಎಷ್ಟನೇ ಹನಿಗೆ ಹಳದಿಯಾಗುತ್ತದೋ ಅಷ್ಟು ಅಂಕ. ಸಮುದ್ರದ್ದು ಎಂಟರ ಆಸುಪಾಸು. ನನ್ನ ತೊಟ್ಟಿಯದು ಹದಿನಾರಕ್ಕೆ ಹೋಗಿ ನಿಂತಿತ್ತು.

ಆ ತಿಂಗಳೇ ನಾನು ಉಪ್ಪು ಬದಲಿಸಿದ್ದೆ. ಹಳೆಯ ಬಕೆಟ್ ಮುಗಿದಿತ್ತೆಂದು ಗಟ್ಟಿ ಹವಳಗಳಿಗೆಂದೇ ಮಾಡಿದ ಹೊಸ ಉಪ್ಪು ತಂದಿದ್ದೆ. ಅದರ ಬಕೆಟ್ಟಿನ ಮೇಲೆಯೇ ಆಲ್ಕಲಿನಿಟಿ ಹನ್ನೆರಡು ಎಂದು ಬರೆದಿತ್ತು, ಕಲಸಿ ಅಳೆದರೆ ಅದೂ ಹದಿನಾರೇ ಬಂತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಉಪ್ಪು ಹೆಚ್ಚು ಕ್ಷಾರದ್ದಾಯಿತು, ಸೌಮ್ಯದ್ದು ತಂದರೆ ಆಯಿತು. ಭಾನುವಾರ ಮೆಟ್ರೋ ಹತ್ತಿ ಶಿವಾಜಿನಗರದ ಕಡೆ ಹೋದೆ.

ಭಾಯ್ ಅಂಗಡಿಯಲ್ಲಿ ಉಪ್ಪು ಲೂಸಾಗಿಯೂ ಸಿಗುತ್ತದೆ. ದೊಡ್ಡ ಚೀಲ ಬಿಚ್ಚಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಅದಕ್ಕೂ ಮುಂಚೆ ಇಡೀ ಚೀಲವನ್ನು ಶುದ್ಧವಾದ ಟಾರ್ಪಾಲಿನ ಮೇಲೆ ಸುರಿದು, ಇಬ್ಬರು ಎರಡು ಕಡೆ ನಿಂತು ಮೂಲೆ ಎತ್ತಿ ಎತ್ತಿ ಹೊರಳಿಸುತ್ತಾರೆ. ಲಾರಿಯಲ್ಲಿ ಕುಲುಕಿ ಬರುವಾಗ ಭಾರದ ಪುಡಿ ತಳ ಸೇರುತ್ತದಂತೆ, ಮೇಲಿನ ಕಿಲೋಗೂ ಕೆಳಗಿನ ಕಿಲೋಗೂ ಸಂಬಂಧವೇ ಇರುವುದಿಲ್ಲವಂತೆ. ನಾನು ಐದು ಕಿಲೋ ಸಾದಾ ಉಪ್ಪು ತೆಗೆದುಕೊಂಡೆ. ಆಲ್ಕಲಿನಿಟಿ ಎಂಟು ಎಂದು ಚೀಲದ ಮೇಲೆಯೇ ಇತ್ತು.

ಮನೆಗೆ ಬಂದು ಕಲಸಿ, ತೊಟ್ಟಿಗೆ ಹಾಕುವ ಮುಂಚೆ ಅಳೆದೆ. ಎಂಟನೇ ಹನಿಗೆ ಹಳದಿಯಾಗಬೇಕಿತ್ತು, ಆಗಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡಕ್ಕೆ ಆಯಿತು. ನನ್ನ ಪಿತ್ತ ನೆತ್ತಿಗೇರಿತು. ಮರುದಿನ ಅರ್ಧ ದಿನ ರಜೆ ಹಾಕಿ ಹೋಗಿ, ಮೊದಲೇ ಹೇಳಿದ ಆ ಮಾತನ್ನು ಕೂಗಿದೆ.

ಭಾಯ್ ಕೈಯಲ್ಲಿದ್ದ ಮೀನಿನ ಬಲೆಯನ್ನು ಕೆಳಗಿಟ್ಟರು.

"ಏನ್ ಮೇಡಂ ಹಿಂಗಂತೀರಾ. ತಲೆ ಬಾಲ್ ಬಿಳಿ ಆಗೋವರೆಗೂ ಇದೇ ಜಾಗದಲ್ಲಿ ಕೂತಿದೀನಿ. ಮಿಲಾವಟ್ ಮಾಡೋ ಆದ್ಮಿ ಅಲ್ಲ ನಾನು. ನಮಕ್ ಸರಿ ಇದೆ. ನೀವು ನಿಮ್ಮ ಪಾನಿ ಒಂದ್ಸಲ ಚೆಕ್ ಮಾಡಿ."

"ನಮ್ಮನೆ ನೀರು ಆರ್‌ಒ ನೀರು ಭಾಯ್. ನೀರು ಹೆಂಗೆ ಚೆಕ್ ಮಾಡ್ಬೇಕು ಅಂತ ನನಗೆ ಹೇಳ್ಕೊಡ್ಬೇಡಿ. ನಾನು ದಿನಾ ಮಾಡೋ ಕೆಲ್ಸ ಅದೇ."

"ಹಾಗಾದ್ರೆ ನನ್ ಹತ್ರ ಯಾಕೆ ಬಂದ್ರಿ?" ಎಂದರು. ಕೋಪದಿಂದಲ್ಲ, ನಿಜವಾಗಿಯೂ ಕೇಳಿದರು. ನಾನು ಅಂಗಡಿಯಿಂದ ಇಳಿದು ಬಂದೆ.

ಬೇರೆ ಅಂಗಡಿಯಿಂದ ಮೂರನೆಯ ಉಪ್ಪು ತಂದೆ. ವಿದೇಶದ್ದು, ಸೀಲ್ ಮಾಡಿದ ಬಕೆಟ್ಟು, ಒಳಗೆ ಆ ಬ್ಯಾಚಿನ ಪರೀಕ್ಷೆಯ ಚೀಟಿ ಬೇರೆ. ಅದರಲ್ಲಿ ಏಳು ಎಂದಿತ್ತು. ನಾನು ಅಳೆದಾಗ ಹನ್ನೊಂದು ಬಂತು.

ಆ ಹೊತ್ತಿಗೆ ಹವಳ ನಿಂತು ಮೂರು ವಾರವಾಗಿತ್ತು. ಕಾಂಡಗಳು ಕುಗ್ಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಅಂಚಿನಲ್ಲಿದ್ದ ಒಂದು ಗೊಂಚಲು ಕರಗಿಯೇ ಹೋಗಿತ್ತು. ಅತ್ತೆ ತಮ್ಮ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳಲು ಶುರುಮಾಡಿದ್ದರು. ಯಾರಾದರೂ ಮನೆಗೆ ಬಂದರೆ ಕಾಣದಂತೆ ಮುಚ್ಚುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಸಿಟ್ಟು ತೀರಿಸಿಕೊಳ್ಳಲು ಬೇರೆ ಯಾರೂ ಸಿಗದೆ, ಆ ಶನಿವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಮಾಡುವಂತೆ ಒಂದು ಹಾಳೆಯ ಮೇಲೆ ಮೂರೂ ಉಪ್ಪಿನ ಹೆಸರು ಬರೆದು, ಪಕ್ಕದಲ್ಲಿ ಕಂಪನಿ ಹೇಳಿದ ಅಂಕ, ಅದರ ಪಕ್ಕದಲ್ಲಿ ನಾನು ಕಂಡ ಅಂಕ ಬರೆದೆ. ಮೂರು ಕಂಪನಿಗೂ ಒಟ್ಟಿಗೆ ಖಾರವಾದ ಪತ್ರ ಬರೆಯುವ ಉದ್ದೇಶ.

ಹನ್ನೆರಡಕ್ಕೆ ಹದಿನಾರು. ಎಂಟಕ್ಕೆ ಹನ್ನೆರಡು. ಏಳಕ್ಕೆ ಹನ್ನೊಂದು.

ಒಂದರಿಂದೊಂದು ಕಳೆದು ನೋಡಿದೆ: ನಾಲ್ಕು, ನಾಲ್ಕು, ನಾಲ್ಕು. ಒಬ್ಬ ಕಲಬೆರಕೆ ಮಾಡಬಹುದು. ಇಬ್ಬರು ಮಾಡಬಹುದು. ಮೂರು ಕಡೆಯವರು ಸೇರಿ ಸರಿಯಾಗಿ ನಾಲ್ಕೇ ಅಂಕದಷ್ಟು ಮೋಸ ಮಾಡಲು ಸಾಧ್ಯವಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಹೊಸಬರು ಇಂಥ ಹಾಳೆ ತಂದು ತೋರಿಸಿದ್ದರೆ, "ಮೂರಕ್ಕೂ ಸಮಾನವಾಗಿರೋದು ಏನು, ಅದನ್ನು ನೋಡಮ್ಮ" ಎಂದು ನಾನೇ ಗದರುತ್ತಿದ್ದೆ. ಮೂರಕ್ಕೂ ಸಮಾನವಾಗಿದ್ದದ್ದು ನೀರು.

ಅಡುಗೆಮನೆಗೆ ಹೋಗಿ ಫಿಲ್ಟರಿನಿಂದ ಬರೀ ನೀರು ಹಿಡಿದು, ಉಪ್ಪು ಹಾಕದೆ, ಹನಿ ಬಿಟ್ಟೆ. ಏನೂ ಇಲ್ಲದ ನೀರಾದರೆ ಮೊದಲ ಹನಿಗೇ ಹಳದಿಯಾಗಬೇಕು. ಮೊದಲ ಹನಿ ನೀಲಿ. ಎರಡನೆಯದು ನೀಲಿ. ಮೂರು ನೀಲಿ. ನಾಲ್ಕನೆಯ ಹನಿಗೆ ಹಳದಿ. ಭಾಯ್ ಮುಖ ಕಣ್ಣ ಮುಂದೆ ಬಂದು ನನ್ನ ಕಿವಿ ಬಿಸಿಯಾಯಿತು.

ಫಿಲ್ಟರಿನ ಮುಚ್ಚಳ ಬಿಚ್ಚಿದೆ. ಒಳಗೆ ಒಂದು ಪುಟ್ಟ ತಿರುಪು ಇರುತ್ತದೆ, ಶುದ್ಧವಾದ ನೀರಿಗೆ ಒಂದಿಷ್ಟು ಸೋಸದ ಹಸಿ ನೀರನ್ನು ರುಚಿಗೆಂದು ಬೆರೆಸುವುದಕ್ಕೆ. ನಾನು ಮೊದಲ ದಿನವೇ ಅದನ್ನು ಪೂರ್ತಿ ಮುಚ್ಚಿಸಿದ್ದೆ. ಈಗ ಅದು ಅರ್ಧಕ್ಕಿಂತ ಹೆಚ್ಚು ತೆರೆದಿತ್ತು. ಅಂದರೆ ತಿಂಗಳುಗಟ್ಟಲೆ ನಾನು ಬೋರ್‌ವೆಲ್ಲಿನ ಸುಣ್ಣದ ನೀರನ್ನೇ ತೊಟ್ಟಿಗೆ ಸುರಿದಿದ್ದೆ. ಉಪ್ಪು ಕಲಸಿದ ನೀರಿನಲ್ಲಷ್ಟೇ ಅಲ್ಲ. ತೊಟ್ಟಿಯಿಂದ ಆವಿಯಾಗಿ ಹೋದದ್ದನ್ನು ತುಂಬಿಸಲು ದಿನಾ ಹಾಕುತ್ತಿದ್ದ ನೀರೂ ಅದೇ. ಬೋರಿನಲ್ಲಿ ಬೇರೆ ಏನೇನಿತ್ತೋ ಅದೂ ಜೊತೆಗೆ ಹೋಗಿ ಸೇರಿತ್ತು.

"ಇದನ್ನ ಯಾರು ತಿರುಗಿಸಿದ್ದು?" ಎಂದು ಕೂಗಿದೆ.

ಊಟದ ಮೇಜಿನ ಹತ್ತಿರ ಕೂತಿದ್ದ ಅತ್ತೆ, "ನಾನು ತಿರುಗಿಸಿಲ್ಲವಾ" ಎಂದರು. ಆಮೇಲೆ "ಸರ್ವೀಸಿನಾಂವ ಬಂದಿದ್ದ. ಅವಂಗ ಹೇಳಿದ್ದೆ" ಎಂದರು.

"ಯಾವಾಗ? ಏನು ಹೇಳಿದ್ರಿ?"

"ನಾ ಬಂದ ಹೊಸದಾಗ. ನಿಮ್ಮನಿ ನೀರಿಗಿ ರುಚೀನ ಇಲ್ಲ. ಚಹಾ ಏರವಲ್ದು. ಸಪ್ಪನ ನೀರಾಗ ಚಹಾ ಕುದಿಸಿದ್ರ ಬಣ್ಣದ ನೀರು ಕುಡದಂಗ ಆಕ್ಕದ. ಚೂರು ರುಚಿ ಬರೂವಂಗ ಮಾಡಪಾ ಅಂದೆ. ಮಾಡಿಕೊಟ್ಟು ಹ್ವಾದ." ನನ್ನ ಮುಖ ನೋಡಿ ಅವರ ಮುಖ ಸಣ್ಣದಾಯಿತು. "ಯಾಕ, ಏನಾತು?"

ಹೇಳಿದೆ. ಹೇಳಬಾರದಿತ್ತೇನೋ, ಆದರೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅವರು ಎದ್ದು ತೊಟ್ಟಿಯ ಹತ್ತಿರ ಹೋಗಿ, ಆ ಬೂದು ಬಣ್ಣದ ಜೋಲು ಕಾಂಡಗಳನ್ನು ನೋಡುತ್ತ ನಿಂತರು.

"ನನ್ನ ಚಹಾದ ಸಲುವಾಗಿ ಇದು ಸಾಯಾಕತ್ತೇತೇನ?"

"ಇಲ್ಲ ಅತ್ತೆ. ದಿನಕ್ಕೆ ಐವತ್ತು ಡಬ್ಬಿ ಬಣ್ಣ ಟೆಸ್ಟ್ ಮಾಡಿ, ಮನೆ ನೀರು ಟೆಸ್ಟ್ ಮಾಡದೆ ಇದ್ದವಳ ದೆಸೆಯಿಂದ" ಎಂದೆ. ಇದನ್ನು ನಾನು ವಿನಯಕ್ಕೆ ಹೇಳಲಿಲ್ಲ, ನಿಜವಾಗಿಯೂ ನನ್ನ ಮೇಲೆ ನನಗೆ ಅಷ್ಟು ಸಿಟ್ಟಿತ್ತು.

ಸೋಮವಾರವೇ ಸರ್ವೀಸಿನವರನ್ನು ಕರೆಸಿದೆ. ತಿರುಪು ಮುಚ್ಚಿಸಲಿಲ್ಲ. ಹಸಿ ನೀರು ಬೆರೆಯುವ ಜಾಗಕ್ಕಿಂತ ಮುಂಚೆಯೇ ಒಂದು ಕವಲು ತೆಗೆಸಿ, ಬೇರೆ ಪೈಪು ಎಳೆಸಿ, ತೊಟ್ಟಿಯ ನೀರಿಗೆ ಪ್ರತ್ಯೇಕ ಕ್ಯಾನ್ ಇಟ್ಟೆ. ಅತ್ತೆಯ ಚಹಾಕ್ಕೆ ಅವರ ರುಚಿಯ ನೀರು, ಹವಳಕ್ಕೆ ಅದರ ನೀರು. ಕ್ಯಾನಿನ ನೀರು ಅಳೆದೆ. ಮೊದಲ ಹನಿಗೇ ಹಳದಿಯಾದಾಗ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಇನ್ನು ಉಪ್ಪು. ಮೂರನ್ನೂ ಮುಂದಿಟ್ಟುಕೊಂಡು ಮತ್ತೆ ಕಲಸಿದೆ. ಮೂರೂ ತಮ್ಮ ತಮ್ಮ ಕಂಪನಿ ಹೇಳಿದ್ದ ಅಂಕವನ್ನೇ ಚಾಚೂ ತಪ್ಪದೆ ತೋರಿಸಿದವು. ಹೆಚ್ಚು ಕ್ಷಾರದ ಉಪ್ಪು ಕಲ್ಲಿನಂಥ ಗಟ್ಟಿ ಹವಳ ಕಟ್ಟುವವರಿಗೆ ಬೇಕು, ನನ್ನ ಮೆತ್ತನೆಯ ಹವಳಕ್ಕೆ ಅದರ ಅಗತ್ಯವೇ ಇರಲಿಲ್ಲ. ವಿದೇಶದ್ದು ಚೆನ್ನಾಗಿತ್ತು, ಆದರೆ ಭಾಯ್ ತೂಗಿ ಕೊಟ್ಟ ಲೂಸ್ ಉಪ್ಪು ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ. ಮೇಲಿಂದ ಒಂದು ಚಮಚ, ನಡುವಿನಿಂದ ಒಂದು, ತಳದಿಂದ ಒಂದು ತೆಗೆದು ಬೇರೆ ಬೇರೆ ಕಲಸಿ ನೋಡಿದೆ. ಮೂರೂ ಎಂಟು. ಆ ಟಾರ್ಪಾಲಿನ ಮೇಲೆ ಹೊರಳಿಸುವ ಕೆಲಸ ನಮ್ಮ ಕಾರ್ಖಾನೆಯ ಮಿಕ್ಸರಿಗೂ ಅಷ್ಟು ಸಲೀಸಲ್ಲ. ಉಪ್ಪು ಯಾವುದೆಂದು ತೀರ್ಮಾನವಾಯಿತು.

ಉಪ್ಪು ಬೇಕೆಂದರೆ ಅಂಗಡಿಗೆ ಹೋಗಬೇಕು. ಭಾನುವಾರ ಹೋದೆ. ಬಾಗಿಲಲ್ಲೇ ನಿಂತು ಮೆಲ್ಲಗೆ "ಸಾರಿ ಭಾಯ್, ನೀರೇ ತಪ್ಪಾಗಿತ್ತು" ಎಂದೆ.

"ಏನಂದ್ರಿ? ಪಂಪ್ ಸದ್ದಲ್ಲಿ ಕೇಳಿಸ್ಲಿಲ್ಲ" ಎಂದರು. ಕೇಳಿಸಿತ್ತು, ಮೀಸೆಯಡಿ ನಗು ಕಾಣುತ್ತಿತ್ತು. "ಅವತ್ತು ಮಾತ್ರ ರೋಡಿಗೆಲ್ಲ ಕೇಳಂಗೆ ಹೇಳಿದ್ರಿ ಮೇಡಂ."

ಅಂಗಡಿಯಲ್ಲಿ ಗಪ್ಪಿ ಕೊಳ್ಳುವವರು, ಗೋಲ್ಡ್ ಫಿಶ್ ಕೊಳ್ಳುವವರು ತುಂಬಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಅಂದು ಕೂಗಿದಷ್ಟೇ ಜೋರಾಗಿ, "ಇವರ ಉಪ್ಪು ಅಪ್ಪಟ, ನಂದೇ ತಪ್ಪು" ಎಂದು ಹೇಳಿದೆ. ಜನ ತಿರುಗಿ ನೋಡಿದರು. ಭಾಯ್ ಪಕ್ಕದ ಹೋಟೆಲಿನಿಂದ ಸುಲೈಮಾನಿ ಚಹಾ ತರಿಸಿ, ನನಗೆ ಕುಡಿಸಿ, ಹತ್ತು ಕಿಲೋ ತೂಗಿಕೊಟ್ಟರು. ಅಷ್ಟು ಹಗುರವಾಗಿ ನಾನು ಯಾವ ಭಾರವನ್ನೂ ಮನೆಗೆ ಹೊತ್ತದ್ದಿಲ್ಲ.

ನೀರನ್ನು ಒಂದೇ ಸಲ ಬದಲಿಸಿದರೆ ಹವಳಕ್ಕೆ ಇನ್ನೊಂದು ಪೆಟ್ಟು. ದಿನಕ್ಕೆ ಒಂದು ಬಕೆಟ್ಟಿನಂತೆ ಬದಲಿಸಿದೆ. ಹದಿನಾರು ಹದಿನಾಲ್ಕಾಯಿತು, ಹನ್ನೆರಡಾಯಿತು, ಹತ್ತಾಯಿತು. ಬಣ್ಣ ಮರಳಿತು, ಕಾಂಡಗಳು ನೆಟ್ಟಗಾದವು. ಆದರೂ ಕೈಗಳು ಆಡಲಿಲ್ಲ. ಅತ್ತೆ ಕುರ್ಚಿಯನ್ನು ಮತ್ತೆ ತೊಟ್ಟಿಯ ಮುಂದೆ ಹಾಕಿಕೊಂಡಿದ್ದರು. ಈಗ ಅವರೇ ಮೊದಲು ಶುರುಮಾಡುತ್ತಿದ್ದರು. ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಗಾಜಿಗೆ ಹಿಡಿದು, "ಹಿಂಗ ನೋಡು, ಹಿಂಗ ಮಾಡು" ಎಂದು ಹವಳಕ್ಕೆ ಕಲಿಸುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿ ಸದ್ದಿಲ್ಲದೆ ಕೆಲಸಕ್ಕೆ ಹೋಗುತ್ತಿದ್ದೆ.

ಹನ್ನೊಂದನೇ ದಿನ ಕಾರ್ಖಾನೆಗೆ ಅತ್ತೆಯ ಫೋನು ಬಂತು. ಅವರು ಫೋನು ಮಾಡುವವರೇ ಅಲ್ಲ.

"ಒಂದು ಮುಚ್ಚೇತಿ" ಎಂದರು.

"ಏನು ಅತ್ತೆ?"

"ಒಂದು ಕೈ. ಬಲಕ್ಕ, ಕೆಳಗ. ಮುಚ್ಚಿ ತೆರೀತು. ತಡೀ, ಮತ್ತ ಮುಚ್ಚಿತು ನೋಡವಾ!"

ನಾನು ಲ್ಯಾಬಿನಲ್ಲಿ ಎಲ್ಲರೆದುರು ಕೇಕೆ ಹಾಕಿದೆ. ಆ ವಾರ ಮುಗಿಯುವಷ್ಟರಲ್ಲಿ ಇಡೀ ಕಲ್ಲು ಕೈಯಾಡಿಸುತ್ತಿತ್ತು. ಅತ್ತೆ ಬೆಳಿಗ್ಗೆ ಎರಡು ತಾಸು ಕೂರತೊಡಗಿದರು, ಬಿಟ್ಟ ದಿನಗಳನ್ನೆಲ್ಲ ಬಡ್ಡಿ ಸಮೇತ ತೀರಿಸುವವರಂತೆ.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ನಾನು ತೊಟ್ಟಿಯ ಪಕ್ಕ ಮಂಡಿಯೂರಿ ಹನಿ ಎಣಿಸುತ್ತಿದ್ದೆ. ಎಂಟನೇ ಹನಿಗೆ ಸೀಸೆ ಹಳದಿಯಾಯಿತು. "ಎಂಟು!" ಎಂದು ಕೂಗಿ, ಅಡುಗೆಮನೆಯಲ್ಲಿದ್ದ ಗಂಡನಿಗೆ ನನ್ನ ಜಾಣತನದ ಬಗ್ಗೆ ಭಾಷಣ ಶುರುಮಾಡಿದ್ದೆ. ಹಿಂದಿನಿಂದ ಯಾರೋ ನನ್ನ ತೋಳನ್ನು ಬಲವಾಗಿ ಚಿವುಟಿದರು. ಹಾ ಎಂದು ತಿರುಗಿ ನೋಡಿದೆ. ಅತ್ತೆ ನಿಂತಿದ್ದರು. ಅವರ ಬಲಗೈಯಲ್ಲಿ ತುಂಬಿದ ಚಹಾದ ಕಪ್ಪು ಇತ್ತು.

ನನ್ನ ತೋಳನ್ನು ಇನ್ನೂ ಬಿಡದೆ ಹಿಡಿದಿದ್ದದ್ದು ಎಡಗೈ. ಹೆಬ್ಬೆರಳು ಮತ್ತು ತೋರುಬೆರಳು.

"ನೋವಾತೇನ?" ಎಂದರು. ಅವರ ಕಣ್ಣು ತುಂಬಿತ್ತು.

"ಆಯ್ತು ಅತ್ತೆ. ತುಂಬಾ ನೋವಾಯ್ತು" ಎಂದೆ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

"ಖರೇನ? ಸುಳ್ಳ ಹೇಳಬ್ಯಾಡ. ಇನ್ನೊಮ್ಮೆ ಚೂಟಲೇನ?"

ನಾನು ಇನ್ನೊಂದು ತೋಳನ್ನು ಮುಂದೆ ಚಾಚಿದೆ.